ಐಎಸ್‌ಒ ಫೈಲ್ ಇಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಲು ಹೊರಟವರ ಗಮನವೆಲ್ಲ ಇನ್‌ಸ್ಟಾಲ್ ಮೇಲೆ ಇರುತ್ತದೆ. ಕೆಲಸ ಕೆಡುವುದು ಮಾತ್ರ ಎಷ್ಟೋ ಸಲ ಅದಕ್ಕೂ ಮೊದಲು, ಫೈಲ್ ಇಳಿಸಿಕೊಳ್ಳುವಾಗಲೇ. ಡಿಸ್ಕ್ ಅಳಿಸಿದ ಮೇಲೆ ಫೈಲ್ ಸರಿಯಿಲ್ಲ ಅಂತ ಗೊತ್ತಾದರೆ ವಾಪಸ್ ಹೋಗುವ ದಾರಿ ಇರುವುದಿಲ್ಲ. ಅದಕ್ಕೇ ಇಲ್ಲಿ ಇನ್‌ಸ್ಟಾಲ್‌ಗಿಂತ ಡೌನ್‌ಲೋಡ್ ಬಗ್ಗೆ, ಅದಕ್ಕಿಂತ ಇಳಿಸಿದ ಫೈಲನ್ನು ಪರೀಕ್ಷಿಸುವ ಬಗ್ಗೆ ಮಾತು ಜಾಸ್ತಿ.

ಐಎಸ್‌ಒ ಫೈಲ್ ಅಂದರೆ ಏನು?

ಒಂದು ಡಿಸ್ಕಿನಲ್ಲಿ ಇರುವುದೆಲ್ಲವನ್ನೂ ಇದ್ದ ಹಾಗೇ ತೆಗೆದು ಒಂದೇ ಫೈಲಿನಲ್ಲಿ ಇಟ್ಟರೆ ಅದು ಡಿಸ್ಕ್ ಇಮೇಜ್. ಒಳಗಿನ ಫೈಲುಗಳಷ್ಟೇ ಅಲ್ಲ, ಅವು ಡಿಸ್ಕಿನ ಯಾವ ಜಾಗದಲ್ಲಿವೆ, ಕಂಪ್ಯೂಟರ್ ಆನ್ ಆದಾಗ ಮೊದಲು ಏನನ್ನು ಓದಬೇಕು ಎನ್ನುವುದೂ ಅದರಲ್ಲಿರುತ್ತದೆ. ಇದು ಸಿಡಿ ಕಾಲದ ಏರ್ಪಾಡು. ಐಎಸ್‌ಒ 9660 ಎಂಬ ಮಾನದಂಡ ಬಂದಿದ್ದು 1988ರಲ್ಲಿ. ಲ್ಯಾಪ್‌ಟಾಪ್‌ಗಳಿಂದ ಡಿವಿಡಿ ಡ್ರೈವ್ ಕೂಡ ಮಾಯವಾಗಿದೆ, ಆದರೂ ಆಪರೇಟಿಂಗ್ ಸಿಸ್ಟಂಗಳನ್ನು ಹಂಚುವ ರೂಪವಾಗಿ ಈ ಫೈಲ್ ಉಳಿದುಕೊಂಡಿದೆ.

ಎಲ್ಲಿಂದ ಇಳಿಸಿಕೊಳ್ಳಬೇಕು?

ಅದನ್ನು ತಯಾರಿಸಿದವರ ಸ್ವಂತ ಸೈಟಿನಿಂದ. ವಿಂಡೋಸ್ ಬೇಕಾದರೆ ಮೈಕ್ರೋಸಾಫ್ಟ್ ಡಾಟ್ ಕಾಮ್, ಲಿನಕ್ಸ್‌ನ ಬಗೆಗಳಲ್ಲಿ ಉಬುಂಟು ಬೇಕಾದರೆ ಉಬುಂಟು ಡಾಟ್ ಕಾಮ್, ಡೆಬಿಯನ್ ಬೇಕಾದರೆ ಡೆಬಿಯನ್ ಡಾಟ್ ಆರ್ಗ್. ಸರ್ಚ್ ಮಾಡಿದಾಗ ಮೇಲ್ಗಡೆ ಜಾಹೀರಾತಾಗಿ ಬರುವ ಲಿಂಕನ್ನು ಮುಟ್ಟಬೇಡಿ. ಅಸಲಿ ಸೈಟಿನ ಹಾಗೇ ಕಾಣುವ ನಕಲಿ ಸೈಟುಗಳು ಅಲ್ಲಿ ನುಸುಳುತ್ತವೆ. ಅಡ್ರೆಸ್ ಬಾರ್‌ನಲ್ಲಿ ಇರುವುದನ್ನು ಅಕ್ಷರ ಅಕ್ಷರ ಓದಿ.

ಲಿನಕ್ಸ್‌ನಲ್ಲಿ ಒಂದು ಗೊಂದಲ ಇದೆ. ಅಧಿಕೃತ ಸೈಟಿನಲ್ಲಿ ಒತ್ತಿದರೂ ಫೈಲ್ ಬರುವುದು ಯಾವುದೋ ವಿಶ್ವವಿದ್ಯಾಲಯದ ಸರ್ವರ್‌ನಿಂದ. ಇದಕ್ಕೆ ಮಿರರ್ ಅನ್ನುತ್ತಾರೆ. ಒಂದೇ ಸರ್ವರ್ ಮೇಲೆ ಹೊರೆ ಬೀಳದಿರಲಿ ಅಂತ ಮಾಡಿರುವ ವ್ಯವಸ್ಥೆ, ಗಾಬರಿ ಬೇಡ. ಆದರೆ ಫೈಲ್ ಮೂರನೆಯವರ ಕೈಯಿಂದ ಬರುತ್ತಿದೆ ಎನ್ನುವುದು ನೆನಪಿರಲಿ. ಚೆಕ್‌ಸಮ್ (ಫೈಲ್ ಸರಿಯಾಗಿ ಬಂದಿದೆಯೇ ಅಂತ ಹೋಲಿಸಿ ನೋಡುವ ಅಕ್ಷರಗಳ ಸಾಲು) ನೋಡಬೇಕಾದ ಮುಖ್ಯ ಕಾರಣಗಳಲ್ಲಿ ಅದೂ ಒಂದು.

ಐಎಸ್‌ಒ ಅಂತ ಒತ್ತಿದಾಗ ಕೆಲವೇ ಎಂಬಿಯ ಇಎಕ್ಸ್‌ಇ ಫೈಲ್ ಬಂದರೆ ಅಲ್ಲೇ ನಿಲ್ಲಿಸಿ. ಮೈಕ್ರೋಸಾಫ್ಟ್‌ನವರ ಮೀಡಿಯಾ ಕ್ರಿಯೇಷನ್ ಟೂಲ್ ಇದಕ್ಕೆ ಹೊರತು. ಅದು ಸಣ್ಣ ಪ್ರೋಗ್ರಾಂ ಆಗಿಯೇ ಬರುತ್ತದೆ.

«ಆಕ್ಟಿವೇಟ್ ಆಗಿರುವ» ವಿಂಡೋಸ್, «ಲೈಟ್» ವಿಂಡೋಸ್ ಅಂತೆಲ್ಲ ಸಿಗುತ್ತಲ್ಲ?

ಸಿಗುತ್ತದೆ. ಬೇಡ. ಯಾರೋ ಅಸಲಿ ಐಎಸ್‌ಒ ಬಿಚ್ಚಿ, ತಮಗೆ ಬೇಕಾದ್ದು ಸೇರಿಸಿ, ಮತ್ತೆ ಕಟ್ಟಿರುತ್ತಾರೆ. ಏನು ಸೇರಿಸಿದ್ದಾರೆ ಅಂತ ತಿಳಿಯುವುದು ಕಷ್ಟ. ಬೇರೆ ಕಳ್ಳ ಸಾಫ್ಟ್‌ವೇರ್ ಆದರೆ ಕಂಪ್ಯೂಟರ್ ಒಳಗೆ ಬಂದ ಮೇಲೆ ಆ್ಯಂಟಿವೈರಸ್ ಹಿಡಿದೀತು. ಇಲ್ಲಿ ಅದು ಆ್ಯಂಟಿವೈರಸ್‌ಗಿಂತ ಮೊದಲೇ ಬಂದು ಕೂತಿರುತ್ತದೆ.

ಹಾಗಾದರೆ ಅಸಲಿ ವಿಂಡೋಸ್ ಐಎಸ್‌ಒಗೆ ದುಡ್ಡು ಕೊಡಬೇಕಾ?

ಫೈಲಿಗೆ ದುಡ್ಡಿಲ್ಲ, ಲೈಸೆನ್ಸ್‌ಗೆ ಇದೆ. ಫೈಲನ್ನು ಯಾರು ಬೇಕಾದರೂ ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಬಹುದು, ಅದರಲ್ಲಿ ಕಾನೂನಿನ ತೊಡಕಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಈಗಾಗಲೇ ವಿಂಡೋಸ್ ಆಕ್ಟಿವೇಟ್ ಆಗಿದ್ದರೆ ಲೈಸೆನ್ಸ್ ಕೀ ಹುಡುಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಡಿಜಿಟಲ್ ಲೈಸೆನ್ಸ್ ಆ ಹಾರ್ಡ್‌ವೇರ್‌ಗೆ ಅಂಟಿಕೊಂಡಿರುತ್ತದೆ. ಕೀ ಕೇಳಿದಾಗ «ನನ್ನ ಬಳಿ ಕೀ ಇಲ್ಲ» ಎನ್ನುವುದನ್ನು ಒತ್ತಿ ಮುಂದೆ ಹೋಗಿ. ಇಂಟರ್‌ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಒಂದೇ ಷರತ್ತು: ಮೊದಲು ಹೋಮ್ ಇದ್ದರೆ ಹೋಮ್, ಪ್ರೋ ಇದ್ದರೆ ಪ್ರೋ. ಒಂದೇ ಐಎಸ್‌ಒದಲ್ಲಿ ಎರಡೂ ಇರುತ್ತವೆ, ತಪ್ಪಾಗಿ ಆರಿಸಿದರೆ ಆಕ್ಟಿವೇಟ್ ಆಗುವುದಿಲ್ಲ.

ಮೈಕ್ರೋಸಾಫ್ಟ್ ಸೈಟಿನಲ್ಲಿ ಮೂರು ದಾರಿ ಕಾಣಿಸುತ್ತಿವೆ. ಯಾವುದು ಹಿಡಿಯಲಿ?

ಈಗ ಕೂತಿರುವ ಕಂಪ್ಯೂಟರನ್ನೇ ವಿಂಡೋಸ್ 11ಕ್ಕೆ ಏರಿಸಬೇಕಾದರೆ ಇನ್‌ಸ್ಟಾಲೇಷನ್ ಅಸಿಸ್ಟೆಂಟ್. ಬೂಟ್ ಆಗುವ (ಕಂಪ್ಯೂಟರ್ ಆನ್ ಆಗುವಾಗ ಅದರಿಂದಲೇ ಶುರುವಾಗುವ) ಪೆನ್‌ಡ್ರೈವ್ ಮಾತ್ರ ಬೇಕು ಅನ್ನುವವರಿಗೆ ಮೀಡಿಯಾ ಕ್ರಿಯೇಷನ್ ಟೂಲ್. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು, ಅದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ. ಫೈಲನ್ನು ಇಟ್ಟುಕೊಂಡು ವರ್ಚುವಲ್ ಮಷೀನ್‌ಗೋ (ಕಂಪ್ಯೂಟರ್ ಒಳಗೆ ಪ್ರೋಗ್ರಾಂ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಬೇರೆ ಕಂಪ್ಯೂಟರ್‌ಗೋ ಬಳಸಬೇಕು ಅಂದರೆ ನೇರವಾಗಿ ಐಎಸ್‌ಒ. ನಾನು ಆರಿಸುವುದು ಯಾವಾಗಲೂ ಮೂರನೆಯದನ್ನೇ. ಅದರ ಚೆಕ್‌ಸಮ್ ಅದೇ ಸೈಟಿನಲ್ಲಿ ಕೊಟ್ಟಿರುತ್ತಾರೆ, ಹೋಲಿಸಿ ನೋಡಬಹುದು. ಮೀಡಿಯಾ ಕ್ರಿಯೇಷನ್ ಟೂಲ್ ಕೂಡ ಐಎಸ್‌ಒ ಮಾಡಿಕೊಡುತ್ತದೆ, ನಿಜ. ಆದರೆ ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಹೊಸದಾಗಿ ಕಟ್ಟುವುದರಿಂದ ಸೈಟಿನಲ್ಲಿರುವ ಚೆಕ್‌ಸಮ್‌ಗೆ ಹೊಂದುವುದಿಲ್ಲ. ಫೈಲ್ ಕೆಟ್ಟಿದೆ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಐಎಸ್‌ಒ ಲಿಂಕ್ 24 ಗಂಟೆ ಮಾತ್ರ ಕೆಲಸ ಮಾಡುತ್ತದೆ. ಲಿಂಕನ್ನು ಇನ್ನೊಬ್ಬರಿಗೆ ಕಳಿಸಿ ನಾಳೆ ನಾಡಿದ್ದು ಇಳಿಸಿಕೊಳ್ಳಿ ಅಂದರೆ ನಡೆಯುವುದಿಲ್ಲ.

ಭಾಷೆ ಆರಿಸುವಾಗಲೂ ಒಂದು ನಿಮಿಷ ನಿಲ್ಲಿ. «ಇಂಗ್ಲಿಷ್» ಅಮೆರಿಕದ್ದು, «ಇಂಗ್ಲಿಷ್ ಇಂಟರ್‌ನ್ಯಾಷನಲ್» ಬ್ರಿಟನ್ನಿನದು. ಹೊಸದಾಗಿ ಹಾಕುವವರಿಗೆ ಯಾವುದಾದರೂ ಆದೀತು. ಇರುವ ಫೈಲು, ಪ್ರೋಗ್ರಾಂ ಉಳಿಸಿಕೊಂಡು ಅಪ್‌ಗ್ರೇಡ್ ಮಾಡುವವರು ಮಾತ್ರ ಈಗಿರುವ ಭಾಷೆಯನ್ನೇ ಆರಿಸಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಉಳಿಸಿಕೊಳ್ಳುವ ಆಯ್ಕೆಯೇ ಸಿಗುವುದಿಲ್ಲ.

ವಿಂಡೋಸ್ 7 ಐಎಸ್‌ಒ ಎಲ್ಲಿ ಸಿಗುತ್ತದೆ?

ಮೈಕ್ರೋಸಾಫ್ಟ್ ಅದನ್ನು ಸಾರ್ವಜನಿಕರಿಗೆ ಕೊಡುವುದನ್ನು ನಿಲ್ಲಿಸಿದೆ. ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ, ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ ಅಂದರೆ, ಹಳೆಯ ವಿಂಡೋಸ್ ಹುಡುಕಿ ಅಲೆಯುವುದಕ್ಕಿಂತ ಹಗುರವಾದ ಲಿನಕ್ಸ್ ಒಂದನ್ನು ಹಾಕಿ ನೋಡುವುದು ವಾಸಿ.

ನನ್ನದು ಇಂಟೆಲ್ ಪ್ರೊಸೆಸರ್. ಫೈಲ್ ಹೆಸರಲ್ಲಿ «ಎಎಂಡಿ64» ಅಂತಿದೆ. ಬೇರೆಯದು ಬೇಕಾ?

ಬೇಡ, ಅದೇ ಸರಿ. ಈ 64 ಬಿಟ್ ವಿನ್ಯಾಸವನ್ನು ಮೊದಲು ತಂದಿದ್ದು ಎಎಂಡಿ, ಆಮೇಲೆ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಎಕ್ಸ್64, ಎಕ್ಸ್86-64 ಅಂತ ಬರೆದಿದ್ದರೂ ಅದೇ ಅರ್ಥ. ಎಆರ್‌ಎಂ64 ಮಾತ್ರ ಬೇರೆ. ಸ್ನ್ಯಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್‌ಗಳಿಗೆ, ಎಂ1 ಮತ್ತು ಅದರ ನಂತರದ ಮ್ಯಾಕ್‌ಗಳ ಒಳಗೆ ನಡೆಸುವ ವರ್ಚುವಲ್ ಮಷೀನ್‌ಗಳಿಗೆ ಅದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಅಂತ ಹೋದರೆ «ಸಿಸ್ಟಂ ಟೈಪ್» ಎದುರು ನಿಮ್ಮದು ಯಾವುದು ಅಂತ ಬರೆದಿರುತ್ತದೆ.

32 ಬಿಟ್ ಯಂತ್ರಗಳ ಕಾಲ ಮುಗಿಯುತ್ತಾ ಬಂತು. ವಿಂಡೋಸ್ 11ರಲ್ಲಿ 32 ಬಿಟ್ ಇಲ್ಲವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನು ಬಿಟ್ಟಿದೆ.

ಲಿನಕ್ಸ್ ಸೈಟಿನಲ್ಲಿ ಹತ್ತಾರು ಫೈಲುಗಳಿವೆ. ಯಾವುದು ಇಳಿಸಲಿ?

ಮೊದಲ ಸಲವಾದರೆ ಡೆಸ್ಕ್‌ಟಾಪ್ ಅಂತ ಇರುವುದನ್ನು. ಸರ್ವರ್ ಅಂತ ಇರುವುದನ್ನು ಹಾಕಿದರೆ ಕಪ್ಪು ಪರದೆ, ಮಿನುಗುವ ಕರ್ಸರ್ ಬಿಟ್ಟು ಏನೂ ಕಾಣುವುದಿಲ್ಲ. ಉಬುಂಟುವಿನಲ್ಲಿ ಎಲ್‌ಟಿಎಸ್ ಅಂತ ಇರುವುದು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ಉಳಿದವಕ್ಕೆ ಒಂಬತ್ತು ತಿಂಗಳು ಮಾತ್ರ.

ಡೆಬಿಯನ್‌ನ «ನೆಟ್‌ಇನ್‌ಸ್ಟ್» 1 ಜಿಬಿಗಿಂತ ಚಿಕ್ಕದು. ಇದನ್ನು ನೋಡಿ ಡೇಟಾ ಉಳಿಯಿತು ಅಂದುಕೊಳ್ಳುವವರು ಜಾಸ್ತಿ. ಉಳಿಯುವುದಿಲ್ಲ, ಮಿಕ್ಕಿದ್ದನ್ನು ಇನ್‌ಸ್ಟಾಲ್ ಹೊತ್ತಿನಲ್ಲಿ ಇಂಟರ್‌ನೆಟ್‌ನಿಂದ ತರುತ್ತದೆ. ನೆಟ್ ಸರಿಯಿಲ್ಲದ ಕಡೆ ದೊಡ್ಡ ಐಎಸ್‌ಒ ಇಳಿಸಿಕೊಂಡು ಹೋಗುವುದೇ ಒಳ್ಳೆಯದು. ಇನ್ನೊಂದು ಮಾತು: ಡೆಬಿಯನ್‌ನಲ್ಲಿ ವೈಫೈ ಕೆಲಸ ಮಾಡಬೇಕಾದರೆ ಫರ್ಮ್‌ವೇರ್ (ಹಾರ್ಡ್‌ವೇರ್ ನಡೆಸಲು ಬೇಕಾದ ಸಾಫ್ಟ್‌ವೇರ್) ಸೇರಿರುವ ಬೇರೆ ಇಮೇಜ್ ಹುಡುಕಬೇಕು ಅಂತ ಹಳೆಯ ಸಲಹೆಗಳಲ್ಲಿ ಓದಿರಬಹುದು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಆ ಫರ್ಮ್‌ವೇರ್ ಮಾಮೂಲಿ ಐಎಸ್‌ಒದಲ್ಲೇ ಇದೆ.

ಎಷ್ಟು ಹೊತ್ತು ಹಿಡಿಯುತ್ತದೆ?

ಉಬುಂಟು 24.04 ಡೆಸ್ಕ್‌ಟಾಪ್ ಸುಮಾರು 6 ಜಿಬಿ. ವಿಂಡೋಸ್ 11 ಕೂಡ 5 ಜಿಬಿ ದಾಟುತ್ತದೆ. ಕಂಪನಿಯವರು ಹೇಳುವ ಎಂಬಿಪಿಎಸ್ ಮೆಗಾಬಿಟ್ ಲೆಕ್ಕ, ಫೈಲ್ ಗಾತ್ರ ಬೈಟ್ ಲೆಕ್ಕ. ಎಂಟರಿಂದ ಭಾಗಿಸಬೇಕು. 50 ಎಂಬಿಪಿಎಸ್ ಪೂರ್ತಿ ಸಿಕ್ಕರೆ 6 ಜಿಬಿಗೆ 16 ನಿಮಿಷ, 10 ಎಂಬಿಪಿಎಸ್ ಆದರೆ 80 ನಿಮಿಷ. ಪೂರ್ತಿ ಸಿಗುವುದು ಅಪರೂಪ.

ಸೈಟಿನಲ್ಲಿ 6 ಜಿಬಿ ಅಂತಿತ್ತು, ಇಳಿಸಿದ ಮೇಲೆ 5.6 ತೋರಿಸುತ್ತಿದೆ. ಪೂರ್ತಿ ಬಂದಿಲ್ವಾ?

ಬಂದಿರಬಹುದು. ಸೈಟಿನವರು ಜಿಬಿಗೆ 100 ಕೋಟಿ ಬೈಟ್ ಅಂತ ಲೆಕ್ಕ ಹಾಕುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಅಂತ ಹಾಕುತ್ತದೆ. ಪ್ರಾಪರ್ಟೀಸ್‌ನಲ್ಲಿ ಬೈಟ್ ಸಂಖ್ಯೆ ನೋಡಿ ಹೋಲಿಸಿ.

ಅರ್ಧಕ್ಕೆ ನಿಂತುಹೋದರೆ ಮೊದಲಿಂದ ಶುರು ಮಾಡಬೇಕಾ?

ಹೆಚ್ಚಿನ ಸರ್ವರ್‌ಗಳು ನಿಂತಲ್ಲಿಂದ ಮುಂದುವರಿಸಲು ಬಿಡುತ್ತವೆ. ಬ್ರೌಸರ್‌ನ ಡೌನ್‌ಲೋಡ್ ಪಟ್ಟಿಯಲ್ಲಿ ರೆಸ್ಯೂಮ್ ಒತ್ತಿ ನೋಡಿ. ಬ್ರೌಸರ್ ಕೈಕೊಟ್ಟರೆ ವಿಗೆಟ್ ಅಥವಾ ಏರಿಯಾ2 ಥರದ ಟೂಲ್ ಬಳಸಿ, ಇವು ಈ ಕೆಲಸದಲ್ಲಿ ಗಟ್ಟಿ. ಮತ್ತೆ ಮತ್ತೆ ನಿಂತು ಮುಂದುವರಿದ ಫೈಲನ್ನು ಪರೀಕ್ಷೆ ಮಾಡದೆ ಬಳಸಬೇಡಿ.

ನೆಟ್ ಹೀಗೆ ಆಡುವ ಕಡೆ ಟೊರೆಂಟ್ ಎಲ್ಲಕ್ಕಿಂತ ಒಳ್ಳೆಯ ದಾರಿ. ಟೊರೆಂಟ್ ಅಂದ ಕೂಡಲೇ ಕಳ್ಳ ಸಿನಿಮಾ ನೆನಪಾಗುತ್ತದೆ, ಅಲ್ವಾ? ಆದರೆ ಉಬುಂಟು, ಡೆಬಿಯನ್‌ನವರು ತಮ್ಮ ಸೈಟಿನಲ್ಲೇ ಟೊರೆಂಟ್ ಕೊಡುತ್ತಾರೆ. ಅದು ಫೈಲನ್ನು ತುಂಡು ತುಂಡಾಗಿ ತರುತ್ತದೆ, ಪ್ರತಿ ತುಂಡನ್ನೂ ಬಂದ ಕೂಡಲೇ ಹ್ಯಾಶ್ (ಚೆಕ್‌ಸಮ್ ಥರದ್ದೇ) ನೋಡಿ ಪರೀಕ್ಷಿಸುತ್ತದೆ, ಕೆಟ್ಟ ತುಂಡನ್ನು ಮಾತ್ರ ಮತ್ತೆ ತರಿಸುತ್ತದೆ. ಟೊರೆಂಟ್ ಫೈಲ್ ಅಧಿಕೃತ ಸೈಟಿನದ್ದಾಗಿರಬೇಕು, ಅಷ್ಟೇ.

ಚೆಕ್‌ಸಮ್ ನೋಡುವುದು ಹೇಗೆ? ನಿಜವಾಗಲೂ ಬೇಕಾ?

ಬೇಕು. ಒಂದೆರಡು ನಿಮಿಷದ ಕೆಲಸ. ಇದನ್ನು ಬಿಟ್ಟು ಆಮೇಲೆ ಅರ್ಧ ದಿನ ಪರದಾಡುವವರೇ ಜಾಸ್ತಿ.

ಎಸ್‌ಎಚ್‌ಎ-256 ಅನ್ನುವ ಲೆಕ್ಕ ಫೈಲಿನ ಪ್ರತಿ ಬೈಟನ್ನೂ ಓದಿ 64 ಅಕ್ಷರಗಳ ಒಂದು ಸಾಲು ಕೊಡುತ್ತದೆ. ಎಷ್ಟೇ ದೊಡ್ಡ ಫೈಲ್ ಇರಲಿ, 64 ಅಕ್ಷರವೇ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆಯೇ ಆಗುತ್ತದೆ. ತಯಾರಿಸಿದವರು ತಮ್ಮ ಸಾಲನ್ನು ಸೈಟಿನಲ್ಲಿ ಹಾಕಿರುತ್ತಾರೆ. ನಿಮ್ಮ ಫೈಲಿಗೂ ಅದೇ ಸಾಲು ಬಂದರೆ ಫೈಲ್ ಸರಿಯಾಗಿ ಬಂದಿದೆ ಅಂತ ಲೆಕ್ಕ.

ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆಯಿರಿ. ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಐಎಸ್‌ಒ ಫೈಲನ್ನು ಎಳೆದು ಆ ವಿಂಡೋ ಒಳಗೆ ಬಿಡಿ. ಫೈಲ್ ಇರುವ ಜಾಗ ತಾನೇ ಬರುತ್ತದೆ. ಎಂಟರ್ ಒತ್ತಿ. ಏನೂ ಹೇಳದಿದ್ದರೆ ಅದು ಎಸ್‌ಎಚ್‌ಎ-256 ಅನ್ನೇ ಲೆಕ್ಕ ಹಾಕುತ್ತದೆ. ಕಮಾಂಡ್ ಅಂದರೆ ಅಲರ್ಜಿ ಇರುವವರು 7-ಜಿಪ್ ಹಾಕಿಕೊಂಡರೆ ರೈಟ್ ಕ್ಲಿಕ್ ಮೆನುವಿನಲ್ಲೇ ಸಿಗುತ್ತದೆ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಅನ್ನುವ ಕಮಾಂಡ್ ಇದೆ. ಮ್ಯಾಕ್‌ನ ಶಾಸಮ್ ಕಮಾಂಡ್‌ಗೆ 256 ಅಂತ ಹೇಳಲೇಬೇಕು, ಹೇಳದಿದ್ದರೆ ಹಳೆಯ ಎಸ್‌ಎಚ್‌ಎ-1 ಲೆಕ್ಕ ಹಾಕಿ ಕೂತಿರುತ್ತದೆ.

64 ಅಕ್ಷರ ಕಣ್ಣಲ್ಲಿ ಹೋಲಿಸಬೇಡಿ. ನಿಮಗೆ ಬಂದ ಸಾಲನ್ನು ಕಾಪಿ ಮಾಡಿ, ಸೈಟಿನಲ್ಲಿ ಚೆಕ್‌ಸಮ್ ಇರುವ ಕಡೆ ಹೋಗಿ, ಬ್ರೌಸರ್‌ನ ಹುಡುಕುವ ಬಾಕ್ಸ್‌ನಲ್ಲಿ ಪೇಸ್ಟ್ ಮಾಡಿ. ಸಿಕ್ಕಿದರೆ ಸರಿ, ನಿಮ್ಮ ಫೈಲಿನ ಹೆಸರಿನ ಎದುರೇ ಸಿಕ್ಕಿದೆಯಾ ಅಂತಲೂ ನೋಡಿ. ದೊಡ್ಡ ಅಕ್ಷರ, ಚಿಕ್ಕ ಅಕ್ಷರದ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಎಂಡಿ5 ಅನ್ನುವ ಹಳೆಯ ಬಗೆಯ ಚೆಕ್‌ಸಮ್ ಮಾತ್ರ ಕೊಟ್ಟಿದ್ದರೆ? ಡೌನ್‌ಲೋಡ್ ಆಗುವಾಗ ಕೆಟ್ಟಿದೆಯೇ ಅಂತ ನೋಡಲು ಸಾಕು. ಯಾರೋ ಬೇಕೆಂದೇ ತಿದ್ದಿದ್ದಾರೆಯೇ ಅಂತ ನೋಡಲು ಸಾಲದು. ಎರಡು ಬೇರೆ ಫೈಲುಗಳಿಗೆ ಒಂದೇ ಎಂಡಿ5 ಬರುವಂತೆ ಮಾಡಬಹುದು ಅಂತ 2004ರಲ್ಲೇ ಸಂಶೋಧಕರು ತೋರಿಸಿಕೊಟ್ಟಿದ್ದಾರೆ.

ಸೈಟನ್ನೇ ಹ್ಯಾಕ್ ಮಾಡಿದ್ದರೆ ಚೆಕ್‌ಸಮ್ ಅನ್ನೂ ಬದಲಾಯಿಸಬಹುದಲ್ವಾ?

ಖಂಡಿತ. ಆಗಿರುವುದೂ ಇದೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಸೈಟಿಗೆ ನುಗ್ಗಿದವರು 17.3 ಸಿನಮನ್ ಆವೃತ್ತಿಯ ಲಿಂಕನ್ನು ತಮ್ಮ ಐಎಸ್‌ಒ ಕಡೆ ತಿರುಗಿಸಿದರು. ಅದರಲ್ಲಿ ಕಂಪ್ಯೂಟರ್ ಒಳಗೆ ಗುಟ್ಟಾಗಿ ನುಸುಳಲು ಹಿಂಬಾಗಿಲು ಇತ್ತು. ಇಳಿಸಿಕೊಂಡವರು ಬಂದಿದ್ದು ಅಸಲಿ ಸೈಟಿಗೇ. ಅಂಥ ಹೊತ್ತಿನಲ್ಲಿ ಅದೇ ಸೈಟಿನಲ್ಲಿರುವ ಚೆಕ್‌ಸಮ್ ನಂಬಿ ಏನು ಪ್ರಯೋಜನ? ಫೈಲ್ ಬದಲಿಸಿದವನು ಪಕ್ಕದ ಸಾಲನ್ನೂ ಬದಲಿಸಬಲ್ಲ.

ಇದಕ್ಕಾಗಿಯೇ ಡಿಜಿಟಲ್ ಸಹಿ ಇರುವುದು. ಉಬುಂಟು, ಡೆಬಿಯನ್, ಮಿಂಟ್ ಎಲ್ಲವೂ ಚೆಕ್‌ಸಮ್ ಪಟ್ಟಿಗೆ ತಮ್ಮ ಖಾಸಗಿ ಕೀಯಿಂದ (ತಮ್ಮ ಬಳಿ ಮಾತ್ರ ಇರುವ ಗುಟ್ಟಿನ ಸಂಕೇತ) ಸಹಿ ಹಾಕಿ, ಆ ಸಹಿಯನ್ನು ಪ್ರತ್ಯೇಕ ಫೈಲಾಗಿ ಕೊಡುತ್ತವೆ. ಸೈಟಿಗೆ ನುಗ್ಗಿದವರ ಕೈಗೆ ಆ ಕೀ ಸಿಗಬಾರದು. ಅದನ್ನು ಬೇರೆಡೆ ಇಟ್ಟಿರುತ್ತಾರೆ. ಜಿಪಿಜಿ ಅನ್ನುವ ಪ್ರೋಗ್ರಾಂಗೆ ಸಹಿಯ ಫೈಲು, ಪಟ್ಟಿಯ ಫೈಲು ಎರಡನ್ನೂ ಕೊಟ್ಟರೆ ಸಹಿ ಅಸಲಿಯೇ ಅಂತ ಹೇಳುತ್ತದೆ. ಅವರ ಸಾರ್ವಜನಿಕ ಕೀ (ಸಹಿ ಪರೀಕ್ಷಿಸಲು ಎಲ್ಲರಿಗೂ ಕೊಟ್ಟಿರುವುದು) ಮಾತ್ರ ಆ ಡೌನ್‌ಲೋಡ್ ಸೈಟಿನಿಂದ ತರದೆ ಕೀ ಸರ್ವರ್‌ನಿಂದ ತನ್ನಿ, ಅದರ ಫಿಂಗರ್‌ಪ್ರಿಂಟನ್ನು (ಕೀಯನ್ನು ಗುರುತಿಸುವ ಚಿಕ್ಕ ಸಾಲು) ಇನ್ನೆರಡು ಕಡೆ ಹೋಲಿಸಿ.

«ಸಹಿ ಸರಿಯಿದೆ» ಅಂದ ಮೇಲೂ ಜಿಪಿಜಿ ಒಂದು ಎಚ್ಚರಿಕೆ ಕೊಡುತ್ತದೆ, ಈ ಕೀ ನಂಬಲರ್ಹವೇ ಗೊತ್ತಿಲ್ಲ ಅಂತ. ಇದನ್ನು ನೋಡಿ ಹೆದರುವವರು ಬಹಳ. ಆ ಕೀ ಇವರದೇ ಅಂತ ನೀವು ಜಿಪಿಜಿಗೆ ಇನ್ನೂ ಹೇಳಿಲ್ಲ ಎಂದಷ್ಟೇ ಅದರ ಅರ್ಥ. «ಸಹಿ ತಪ್ಪು» ಅಂತ ಬಂದರೆ ಮಾತ್ರ ಫೈಲ್ ಬಿಸಾಕಿ.

ಎಲ್ಲರೂ ಪ್ರತಿ ಸಲ ಇದನ್ನು ಮಾಡಲೇಬೇಕಾ? ಮನೆಯ ಹಳೆ ಲ್ಯಾಪ್‌ಟಾಪ್‌ನಲ್ಲಿ ಆಟ ಆಡಲು ಹಾಕುವವರಿಗೆ ಚೆಕ್‌ಸಮ್ ಸಾಕು ಅಂತ ನನ್ನ ಅನಿಸಿಕೆ. ಕಚೇರಿಯ ಯಂತ್ರ, ಸರ್ವರ್, ಬೇರೆಯವರ ಮಾಹಿತಿ ಇರುವ ಕಂಪ್ಯೂಟರ್ ಆದರೆ ಸಹಿಯನ್ನೂ ನೋಡಿ.

ಚೆಕ್‌ಸಮ್ ಹೊಂದುತ್ತಿಲ್ಲ. ಈಗ?

ಮೊದಲು ಬೇರೆ ಆವೃತ್ತಿಯ ಸಾಲಿಗೆ ಹೋಲಿಸುತ್ತಿಲ್ಲ ತಾನೇ ಅಂತ ನೋಡಿ. 24.04.1 ಬೇರೆ, 24.04.2 ಬೇರೆ. ಅದು ಸರಿಯಿದ್ದರೆ ಬೇರೆ ಮಿರರ್‌ನಿಂದ ಮತ್ತೆ ಇಳಿಸಿ. ಮತ್ತೂ ಹೊಂದದಿದ್ದರೆ ಅದೇ ಫೈಲಿಗೆ ಎರಡು ಸಲ ಲೆಕ್ಕ ಹಾಕಿ. ಎರಡು ಸಲವೂ ಬೇರೆ ಬೇರೆ ಸಾಲು ಬಂದರೆ ತಪ್ಪು ಡೌನ್‌ಲೋಡ್‌ನದ್ದಲ್ಲ, ನಿಮ್ಮ ರ‍್ಯಾಮ್ ಅಥವಾ ಡಿಸ್ಕ್‌ನದ್ದು.

ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಬೂಟ್ ಆಗುತ್ತಿಲ್ಲ.

ಆಗುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಯನ್ನು ಹಾಗೇ ತಂದು ಮನೆಯಲ್ಲಿಟ್ಟ ಹಾಗಾಯಿತು. ಒಳಗಿನ ಸಾಮಾನು ಹೊರಗೆ ಬರಲಿಲ್ಲ. ಅದನ್ನು ಡ್ರೈವ್ ಮೇಲೆ ಬರೆಯುವ ಪ್ರೋಗ್ರಾಂ ಬೇಕು. ವಿಂಡೋಸ್‌ನಲ್ಲಿ ರೂಫಸ್ ಸಾಕು. ಬಲೇನಾ ಎಚ್ಚರ್ ಎಲ್ಲ ಕಡೆ ನಡೆಯುತ್ತದೆ, ಆದರೆ ವಿಂಡೋಸ್ ಐಎಸ್‌ಒಗೆ ಅದು ಸರಿಹೋಗುವುದಿಲ್ಲ. ಲಿನಕ್ಸ್ ಐಎಸ್‌ಒಗಳನ್ನು ಹೆಚ್ಚಾಗಿ ಸಿಡಿಗೂ ಯುಎಸ್‌ಬಿಗೂ ಹೊಂದುವಂತೆ ಕಟ್ಟಿರುತ್ತಾರೆ, ಬೈಟಿಗೆ ಬೈಟ್ ಬರೆದರೂ ಬೂಟ್ ಆಗುತ್ತವೆ. ವಿಂಡೋಸ್‌ನದ್ದು ಹಾಗಿಲ್ಲ. ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಬಳಸುವವರು ಡಿಸ್ಕಿನ ಹೆಸರನ್ನು ಎರಡು ಸಲ ಓದಿ. ಒಂದು ಅಕ್ಷರ ತಪ್ಪಿದರೂ ಅದು ಕೇಳದೇ ನಿಮ್ಮ ಹಾರ್ಡ್‌ಡಿಸ್ಕ್ ಮೇಲೇ ಬರೆದುಬಿಡುತ್ತದೆ.

ಬೇರೆ ಬೇರೆ ಸಿಸ್ಟಂ ಪ್ರಯತ್ನಿಸುವ ಹುಚ್ಚು ಇದ್ದವರಿಗೆ ವೆಂಟಾಯ್ ಇದೆ. ಒಂದು ಸಲ ಪೆನ್‌ಡ್ರೈವ್‌ಗೆ ಹಾಕಿದರೆ ಆಮೇಲೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡುತ್ತಾ ಹೋಗಬಹುದು, ಬೂಟ್ ಆದಾಗ ಪಟ್ಟಿ ತೋರಿಸುತ್ತದೆ.

«ಫೈಲ್ ತುಂಬಾ ದೊಡ್ಡದು» ಅನ್ನುತ್ತಿದೆ. ಪೆನ್‌ಡ್ರೈವ್ 32 ಜಿಬಿ ಇದೆ!

ಅದು ಎಫ್‌ಎಟಿ32ನಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಇಟ್ಟುಕೊಳ್ಳುವುದಕ್ಕಾದರೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾಡಿ. ವಿಂಡೋಸ್ ಐಎಸ್‌ಒ ಬಿಚ್ಚಿ ಫೈಲುಗಳನ್ನು ಕೈಯಾರೆ ಕಾಪಿ ಮಾಡುವವರಿಗೂ ಇದೇ ಅಡ್ಡಿ. ಒಳಗಿರುವ ಇನ್‌ಸ್ಟಾಲ್ ಡಾಟ್ ವಿಮ್ ಒಂದೇ ಫೈಲ್ 4 ಜಿಬಿ ದಾಟಿರುತ್ತದೆ. ರೂಫಸ್ ಇದನ್ನು ತಾನೇ ನಿಭಾಯಿಸುತ್ತದೆ.

ಪೆನ್‌ಡ್ರೈವ್ ಇಲ್ಲದೆ ಬಳಸಬಹುದಾ?

ವರ್ಚುವಲ್‌ಬಾಕ್ಸ್ ಥರದ ಪ್ರೋಗ್ರಾಂಗಳಿಗೆ ಐಎಸ್‌ಒವನ್ನು ನೇರವಾಗಿ ಕೊಡಬಹುದು. ಇರುವ ವಿಂಡೋಸನ್ನು ಅಪ್‌ಗ್ರೇಡ್ ಮಾಡುವುದಾದರೆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ. ವಿಂಡೋಸ್ 8ರಿಂದ ಈಚೆಗೆ ಅದು ಡಿವಿಡಿ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ. ಒಳಗಿನ ಸೆಟಪ್ ಓಡಿಸಿ.

ಎಲ್ಲ ಸರಿ ಇದ್ದರೂ ಇನ್‌ಸ್ಟಾಲ್ ಹೊತ್ತಿಗೆ «ಡ್ರೈವರ್ ಸಿಗುತ್ತಿಲ್ಲ» ಅನ್ನುತ್ತಿದೆ.

ವಿಂಡೋಸ್ ಸೆಟಪ್‌ನ ಈ ಸಂದೇಶ ಜನರನ್ನು ದಾರಿ ತಪ್ಪಿಸುತ್ತದೆ. ಎಷ್ಟೋ ಸಲ ಕಾರಣ ಡ್ರೈವರ್ ಅಲ್ಲ, ಕೆಟ್ಟ ಐಎಸ್‌ಒ ಅಥವಾ ಸರಿಯಾಗಿ ಬರೆಯದ ಪೆನ್‌ಡ್ರೈವ್. ಮೊದಲು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ ನೋಡಿ, ಆಮೇಲೆ ಮತ್ತೆ ಬರೆದು ನೋಡಿ. ಡಿಸ್ಕ್ ಪಟ್ಟಿಯೇ ಖಾಲಿ ಬರುತ್ತಿದೆ, ಯಂತ್ರ ಇಂಟೆಲ್ 11ನೇ ತಲೆಮಾರಿನದ್ದೋ ಅದರ ನಂತರದ್ದೋ ಅಂದರೆ ಮಾತ್ರ ಇಂಟೆಲ್‌ನ ಸ್ಟೋರೇಜ್ ಡ್ರೈವರ್ ನಿಜವಾಗಿಯೂ ಬೇಕಾಗಬಹುದು. ಅದನ್ನು ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಬೂಟ್ ಸೆಟ್ಟಿಂಗ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯೇ ನೋಡಿ. ಇದ್ದರೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ ಎಂಬ ಸೆಟ್ಟಿಂಗ್ ಬದಲಿಸಿದ ಮೇಲೆ ಅದು ಕೀ ಕೇಳಬಹುದು.

ಮ್ಯಾಕ್‌ಗೆ ಐಎಸ್‌ಒ ಎಲ್ಲಿ? ರಾಸ್ಪ್‌ಬೆರಿ ಪೈಗೆ?

ಆಪಲ್ ಮ್ಯಾಕ್‌ಓಎಸ್ ಅನ್ನು ಐಎಸ್‌ಒ ಆಗಿ ಕೊಡುವುದಿಲ್ಲ, ಇನ್‌ಸ್ಟಾಲರ್ ಆ್ಯಪ್ ಆಗಿ ಕೊಡುತ್ತದೆ. ಮ್ಯಾಕ್ ಐಎಸ್‌ಒ ಅಂತ ಸಿಗುವುದೆಲ್ಲ ಯಾರೋ ಮಾಡಿದ್ದು. ರಾಸ್ಪ್‌ಬೆರಿ ಪೈಗೆ ಐಎಂಜಿ ಫೈಲು, ಹೆಚ್ಚಾಗಿ ಎಕ್ಸ್‌ಜಡ್‌ನಲ್ಲಿ ಕುಗ್ಗಿಸಿದ್ದು. ಅವರದೇ ಇಮೇಜರ್ ಪ್ರೋಗ್ರಾಂ ಇಳಿಸುವುದರಿಂದ ಹಿಡಿದು ಕಾರ್ಡ್‌ಗೆ ಬರೆಯುವವರೆಗೆ ಎಲ್ಲ ಮಾಡುತ್ತದೆ.

ಕೆಲಸ ಮುಗಿಯಿತು. ಆದರೆ 32 ಜಿಬಿ ಪೆನ್‌ಡ್ರೈವ್ ಈಗ ಕೆಲವೇ ಎಂಬಿ ತೋರಿಸುತ್ತಿದೆ!

ಹಾಳಾಗಿಲ್ಲ. ಇಮೇಜ್ ತನ್ನದೇ ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಬರೆದುಹೋಗಿದೆ, ವಿಂಡೋಸ್‌ಗೆ ಅದರಲ್ಲಿ ಒಂದು ಚಿಕ್ಕದು ಮಾತ್ರ ಅರ್ಥವಾಗುತ್ತಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಆ ಪೆನ್‌ಡ್ರೈವ್‌ನ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಹೊಸದೊಂದು ಮಾಡಿ. ಅಲ್ಲಿ ಆಗದಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ಆ ಡ್ರೈವನ್ನು ಆರಿಸಿ ಕ್ಲೀನ್ ಕೊಡಿ. ಆರಿಸುವಾಗ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ರೂಫಸ್‌ನಲ್ಲೂ «ಬೂಟ್ ಆಗದ» ಡ್ರೈವ್ ಅಂತ ಆರಿಸಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ವಾಪಸ್ ಬರುತ್ತದೆ.